ಒಂದು ಚಾಟಿಗೆ ನಾಲ್ಕೂವರೆ ಕೋಟಿ!

ದಿನಕ್ಕೆ ಎಷ್ಟು ಸಲ ನಾನು ‘ಚಾಟಿ’ ಅನ್ನೋ ಪದ ಬಳಸ್ತೀನಿ ಗೊತ್ತಾ? ‘ಸರ್ಕಾರಕ್ಕೆ ಹೈಕೋರ್ಟ್ ಚಾಟಿ’. ‘ಅಧಿಕಾರಿಗಳಿಗೆ ಚಾಟಿ ಬೀಸಿದ ಸಚಿವರು’. ‘ಪ್ರತಿಪಕ್ಷಕ್ಕೆ ಮಾತಿನ ಚಾಟಿ’. ಪರದೆಯ ಕೆಳಗೆ ಓಡೋ ಕೆಂಪು ಪಟ್ಟಿಯಲ್ಲಿ ಚಾಟಿ ಇಲ್ಲದ ದಿನವೇ ಇಲ್ಲ. ಶಾಸಕರಿಗೆ ಪಕ್ಷ ಕೊಡೋ ‘ವಿಪ್’ ಕೂಡ ಅದೇ ಚಾಟಿ. ಇಂಗ್ಲೆಂಡಿನ ನರಿ ಬೇಟೆಯಲ್ಲಿ ಗುಂಪು ಬಿಟ್ಟು ಓಡೋ ನಾಯಿಗಳನ್ನ ಚಾಟಿ ಹಿಡಿದು ವಾಪಸ್ ಎಳ್ಕೊಂಡು ಬರ್ತಿದ್ದ ಆಳಿನಿಂದ ಆ ಪದ ಅಲ್ಲಿನ ಸಂಸತ್ತಿಗೆ ಬಂತು, ಅಲ್ಲಿಂದ ನಮ್ಮ ವಿಧಾನಸೌಧಕ್ಕೂ ಬಂತು.

ಇಷ್ಟೆಲ್ಲ ಚಾಟಿ ಬೀಸಿದ ನನಗೆ ನಿಜವಾದ ಚಾಟಿಯ ಬಗ್ಗೆ ಏನು ಗೊತ್ತಿತ್ತು? ಏನೂ ಇಲ್ಲ. 2025ರ ಜುಲೈನಲ್ಲಿ ಒಂದು ರಾತ್ರಿ ಬುಲೆಟಿನ್‌ಗೆ ಸಿದ್ಧ ಆಗ್ತಿದ್ದಾಗ ಡೆಸ್ಕ್‌ನಿಂದ ಒಂದು ಸುದ್ದಿ ಬಂತು. ಅಮೆರಿಕದ ಹರಾಜಿನಲ್ಲಿ ಒಂದು ಚರ್ಮದ ಚಾಟಿ 5 ಲಕ್ಷದ 25 ಸಾವಿರ ಡಾಲರ್‌ಗೆ ಮಾರಾಟ. ನಮ್ಮ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಕೋಟಿ ರೂಪಾಯಿ. ಸೊನ್ನೆ ಜಾಸ್ತಿ ಬಿದ್ದಿದೆ ಅಂದುಕೊಂಡೆ. ಡೆಸ್ಕ್‌ನ ಹುಡುಗನನ್ನ ಕರೆದು ‘ಸರಿಯಾಗಿ ನೋಡಪ್ಪಾ’ ಅಂದೆ. ಅವನು ಎರಡು ಸಲ ನೋಡಿ ಬಂದು ‘ಇಲ್ಲ ಸರ್, ಕರೆಕ್ಟ್ ಇದೆ’ ಅಂದ.

ಯಾವುದು ಈ ಚಾಟಿ? ಹ್ಯಾರಿಸನ್ ಫೋರ್ಡ್ ನಟಿಸಿದ ‘ಇಂಡಿಯಾನಾ ಜೋನ್ಸ್ ಅಂಡ್ ದಿ ಲಾಸ್ಟ್ ಕ್ರುಸೇಡ್’ ಸಿನಿಮಾದಲ್ಲಿ ನಾಯಕನ ಕೈಲಿದ್ದ ಚಾಟಿ. 1989ರ ಸಿನಿಮಾ. ಬ್ರಿಟನ್ನಿನಲ್ಲಿ ಪ್ರೀಮಿಯರ್ ನಡೆದಾಗ ಫೋರ್ಡ್ ಇದನ್ನ ಆಗಿನ ಯುವರಾಜ ಚಾರ್ಲ್ಸ್‌ಗೆ ಉಡುಗೊರೆ ಕೊಟ್ಟರು. ಅದು ಚಾರ್ಲ್ಸ್‌ರಿಂದ ಡಯಾನಾ ಕೈಗೆ ಬಂತು. ಡಯಾನಾ ಇನ್ನೊಬ್ಬರಿಗೆ ಕೊಟ್ಟರು. ಅವರಿಂದ ಹೆರಿಟೇಜ್ ಆಕ್ಷನ್ಸ್ ಸಂಸ್ಥೆಯ ಹರಾಜಿಗೆ. ಇದೇ ಹರಾಜಿನಲ್ಲಿ ಹಿಂದಿನ ದಿನ ‘ಸಿಟಿಜನ್ ಕೇನ್’ ಸಿನಿಮಾದ ‘ರೋಸ್‌ಬಡ್’ ಅನ್ನೋ ಮರದ ಹಿಮಗಾಡಿ 1 ಕೋಟಿ 47 ಲಕ್ಷದ 50 ಸಾವಿರ ಡಾಲರ್‌ಗೆ ಹೋಗಿತ್ತು. ಅಂದ್ರೆ 125 ಕೋಟಿ ರೂಪಾಯಿಗೂ ಮೇಲೆ! ಅದರ ಮುಂದೆ ಚಾಟಿಯ ಬೆಲೆ ಚಿಲ್ಲರೆ ಅನ್ನಿಸಬಹುದು. ಆದರೆ ಒಂದು ಮಾತು. ಒಳ್ಳೆ ಕುಶಲಕರ್ಮಿ ಕೈಯಲ್ಲಿ ಹೆಣೆದ ಹೊಸ ಬುಲ್‌ವಿಪ್ ಇವತ್ತಿಗೂ ಕೆಲವು ನೂರು ಡಾಲರಿನಿಂದ ಸಾವಿರ ಚಿಲ್ಲರೆ ಡಾಲರಿಗೆ ಸಿಗತ್ತೆ. ಹಾಗಾದ್ರೆ ಮಿಕ್ಕ ಐದು ಲಕ್ಷ ಡಾಲರ್ ಯಾವುದಕ್ಕೆ? ಈ ಪ್ರಶ್ನೆ ನನ್ನ ತಲೆ ಬಿಡಲಿಲ್ಲ.

ಮೊದಲು ವಸ್ತುವನ್ನೇ ನೋಡೋಣ. ಬುಲ್‌ವಿಪ್ ಅಂದ್ರೆ ಕೋಲಿಗೆ ಕಟ್ಟಿದ ಬಾರು ಅಲ್ಲ. ಚಿಕ್ಕ ಹಿಡಿ, ಅದರಿಂದಲೇ ಮುಂದುವರಿದು ಹೋಗೋ ಹಾವಿನಂಥ ಉದ್ದ ಹೆಣಿಗೆ. ಅದರ ತುದಿಗೆ ಒಂದೇ ಎಳೆಯ ತೊಗಲು. ಅದಕ್ಕೂ ತುದಿಗೆ ದಾರದ ಸಣ್ಣ ಕುಚ್ಚು. ಉತ್ತಮ ಚಾಟಿಗೆ ಬಳಸೋದು ಆಸ್ಟ್ರೇಲಿಯಾದ ಕಾಂಗರೂ ಚರ್ಮ. ಯಾಕಂದ್ರೆ ಅದನ್ನ ಎಷ್ಟು ತೆಳ್ಳಗೆ ಸೀಳಿದ್ರೂ ಗಟ್ಟಿ, ಸುಲಭಕ್ಕೆ ಹರಿಯಲ್ಲ. ಒಂದು ಇಡೀ ಚರ್ಮದಿಂದ ಹನ್ನೆರಡೋ ಹದಿನಾರೋ ಉದ್ದುದ್ದ ಎಳೆ ಸೀಳಬೇಕು. ಪ್ರತಿ ಎಳೆಯೂ ಬುಡದಲ್ಲಿ ಅಗಲ, ತುದಿಗೆ ಹೋಗ್ತಾ ಹೋಗ್ತಾ ಸಣ್ಣ. ಒಳಗೊಂದು ಹೆಣಿಗೆ, ಅದರ ಮೇಲೆ ಇನ್ನೊಂದು ಹೆಣಿಗೆ. ಹೆಣೆಯುವಾಗ ಎಲ್ಲಾದರೂ ಎಳೆತ ಸಡಿಲ ಆದ್ರೆ ಅಲ್ಲಿ ಗಂಟು, ಆ ಚಾಟಿ ಸರಿಯಾಗಿ ಓಡಲ್ಲ.

ಇಂಡಿಯಾನಾ ಜೋನ್ಸ್ ಸಿನಿಮಾಗಳಿಗೆ ಹೀಗೆ ಚಾಟಿ ಹೆಣೆದುಕೊಟ್ಟು ಹೆಸರಾದವರು ಡೇವಿಡ್ ಮಾರ್ಗನ್. ವಾಷಿಂಗ್ಟನ್ ರಾಜ್ಯದಲ್ಲಿದ್ದ ಕುಶಲಕರ್ಮಿ. ಚಾಟಿ ಮಾಡೋದು ಹೇಗೆ ಅಂತ 1972ರಲ್ಲಿ ಒಂದು ಪುಸ್ತಕವನ್ನೇ ಬರೆದ ಮನುಷ್ಯ. 1981ರಲ್ಲಿ ಈ ಸರಣಿಯ ಮೊದಲ ಸಿನಿಮಾ ಬಂದ ಮೇಲೆ, ಚಾಟಿ ಹೆಣೆಯೋ ಕಸುಬಿಗೆ ಜಗತ್ತಿನಾದ್ಯಂತ ಹೊಸ ಗಿರಾಕಿಗಳು ಹುಟ್ಟಿಕೊಂಡರು. ದನ ಇಲ್ಲದವರೂ ಚಾಟಿ ಕೊಳ್ಳೋಕೆ ಶುರು ಮಾಡಿದರು.

ಇನ್ನು ಆ ಸದ್ದು. ಛಟೀರ್! ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಇಲ್ಲಿ ಒಂದು ನಿಮಿಷ ನಿಲ್ಲದೆ ಇರೋಕಾಗಲ್ಲ. ಆ ಸದ್ದು ಚರ್ಮಕ್ಕೆ ಚರ್ಮ ಬಡಿದು ಬರೋದು ಅಂತ ನಾವೆಲ್ಲ ಅಂದ್ಕೊಂಡಿದ್ದೀವಿ. ಅಲ್ಲ. ಚಾಟಿ ಗಾಳಿಯಲ್ಲಿ ಏನನ್ನೂ ಮುಟ್ಟದೆ ಇದ್ರೂ ಸದ್ದು ಬರತ್ತೆ. ಕೈ ಬೀಸಿದಾಗ ಚಾಟಿಯಲ್ಲಿ ಒಂದು ಲೂಪ್ ಹುಟ್ಟತ್ತೆ. ಅದು ಬುಡದಿಂದ ತುದಿಯ ಕಡೆ ಓಡತ್ತೆ. ಚಾಟಿ ಸಣ್ಣ ಆಗ್ತಾ ಹೋಗತ್ತೆ, ಅಂದ್ರೆ ಓಡೋ ಭಾಗದ ತೂಕ ಕಡಿಮೆ ಆಗ್ತಾ ಹೋಗತ್ತೆ. ಕೈ ಕೊಟ್ಟ ಶಕ್ತಿ ಮಾತ್ರ ಎಲ್ಲೂ ಹೋಗಿಲ್ಲ. ತೂಕ ಇಳಿದಷ್ಟೂ ವೇಗ ಏರಲೇಬೇಕು. ಕೊನೆಗೆ ಗಂಟೆಗೆ ಸುಮಾರು 1,200 ಕಿಲೋಮೀಟರ್ ದಾಟಿ, ಶಬ್ದದ ವೇಗವನ್ನೇ ಮೀರಿ ಹೋಗತ್ತೆ. ಯುದ್ಧವಿಮಾನ ಶಬ್ದದ ವೇಗ ಮೀರಿ ಹಾರಿದಾಗ ಕೇಳೋ ಸ್ಫೋಟ ಇದೆಯಲ್ಲ, ಚಾಟಿಯ ಛಟೀರ್ ಅನ್ನೋದು ಅದರ ಚಿಕ್ಕ ತಮ್ಮ.

ಹೀಗಿರಬಹುದು ಅಂತ ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಲುಮ್ಮರ್ 1905ರಲ್ಲೇ ಊಹೆ ಮಾಡಿದ್ದರು. 1920ರ ದಶಕದಲ್ಲಿ ಅದರ ಆಘಾತ ತರಂಗವನ್ನ ಫೋಟೋದಲ್ಲಿ ಹಿಡಿದರು. ಆದರೂ ಒಂದು ಒಗಟು ಉಳಿದಿತ್ತು. ಸದ್ದು ಹುಟ್ಟೋ ಹೊತ್ತಿಗೆ ತುದಿಯ ವೇಗ ಶಬ್ದದ ಎರಡರಷ್ಟು ಇರತ್ತೆ. ಹಾಗಾದ್ರೆ ಮೊದಲೇ ಯಾಕೆ ಸದ್ದಿಲ್ಲ? 2002ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದ ಇಬ್ಬರು ಗಣಿತಜ್ಞರು, ಅಲೈನ್ ಗೋರಿಯೆಲಿ ಮತ್ತು ಟೈಲರ್ ಮೆಕ್‌ಮಿಲನ್, ಉತ್ತರ ಕೊಟ್ಟರು. ಸದ್ದು ಮಾಡೋದು ತುದಿಯಲ್ಲ, ಆ ಲೂಪ್. ಅದು ಶಬ್ದದ ವೇಗ ಮುಟ್ಟಿದ ಕ್ಷಣಕ್ಕೆ ಸ್ಫೋಟ. ಚಕ್ ಯೇಗರ್ ವಿಮಾನದಲ್ಲಿ ಶಬ್ದದ ವೇಗ ಮೀರಿದ್ದು 1947ರ ಅಕ್ಟೋಬರ್ 14ರಂದು. ದನ ಕಾಯೋರು ಅದಕ್ಕಿಂತ ಎಷ್ಟೋ ಕಾಲ ಮೊದಲೇ, ಒಂದು ಸೂತ್ರ ಗೊತ್ತಿಲ್ಲದೆ, ತಮ್ಮ ಕೈಯಲ್ಲೇ ಆ ಕೆಲಸ ಮಾಡ್ತಿದ್ದರು! ಬುಡ ದಪ್ಪ, ತುದಿ ಸಣ್ಣ ಅನ್ನೋ ಆ ಲೆಕ್ಕವನ್ನ ಕಂಡುಹಿಡಿದವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಆ ಸದ್ದೇ ದನಗಾಹಿಯ ಬಂಡವಾಳ. ಆಸ್ಟ್ರೇಲಿಯಾದ ಬಯಲಲ್ಲಿ, ಅಮೆರಿಕದ ಫ್ಲಾರಿಡಾದ ಪೊದೆಗಳಲ್ಲಿ ನೂರಾರು ದನ ಹೊಡ್ಕೊಂಡು ಹೋಗುವಾಗ ಒಂದೊಂದಕ್ಕೂ ಹೊಡೆಯೋಕೆ ಆಗತ್ತಾ? ಸದ್ದು ಸಾಕು. ಫ್ಲಾರಿಡಾದ ಹಳೆಯ ದನಗಾಹಿಗಳಿಗೆ ‘ಕ್ರ್ಯಾಕರ್’ ಅನ್ನೋ ಹೆಸರು ಬಂದಿದ್ದೇ ಚಾಟಿಯ ಸದ್ದಿನಿಂದ ಅನ್ನೋ ವಾದವೂ ಇದೆ.

ಇಲ್ಲಿಗೆ ನಿಲ್ಲಿಸಿದ್ರೆ ಇದೊಂದು ಸಾಹಸದ ಕತೆ. ಆದರೆ ಚಾಟಿಗೆ ಇನ್ನೊಂದು ಮುಖ ಇದೆ. ಅದನ್ನ ಹೇಳದೆ ಹೋದ್ರೆ ನಾನು ನಿಮಗೆ ಅರ್ಧ ಸುದ್ದಿ ಕೊಟ್ಟ ಹಾಗೆ.

1863. ಅಮೆರಿಕದಲ್ಲಿ ಅಂತರ್ಯುದ್ಧ ನಡೀತಿದೆ. ಲೂಸಿಯಾನಾದ ತೋಟವೊಂದರಿಂದ ತಪ್ಪಿಸಿಕೊಂಡ ಒಬ್ಬ ಗುಲಾಮ ಬ್ಯಾಟನ್ ರೂಜ್‌ನಲ್ಲಿದ್ದ ಉತ್ತರದ ಸೈನ್ಯದ ಶಿಬಿರ ತಲುಪಿದ. ಗಾರ್ಡನ್ ಅಂತಲೂ ಪೀಟರ್ ಅಂತಲೂ ಅವನನ್ನ ಕರೀತಾರೆ. ಅಲ್ಲಿ ಅವನ ಬೆನ್ನಿನ ಫೋಟೋ ತೆಗೆದರು. ಬೆನ್ನ ತುಂಬ ಚಾಟಿಯ ಬರೆ. ಒಣಗಿ, ಉಬ್ಬಿ, ಮರದ ಬೇರುಗಳ ಹಾಗೆ ಹೆಣೆದುಕೊಂಡ ಗಾಯದ ಕಲೆ. ಆ ವರ್ಷದ ಜುಲೈ 4ರ ‘ಹಾರ್ಪರ್ಸ್ ವೀಕ್ಲಿ’ ಸಂಚಿಕೆಯಲ್ಲಿ ಆ ಚಿತ್ರ ಅಚ್ಚಾಯ್ತು. ಜುಲೈ 4 ಅಂದ್ರೆ ಅಮೆರಿಕದ ಸ್ವಾತಂತ್ರ್ಯ ದಿನ! ಗುಲಾಮಗಿರಿ ಅಂದ್ರೆ ಏನು ಅಂತ ನೂರು ಭಾಷಣ ಹೇಳದೇ ಇದ್ದದ್ದನ್ನ ಆ ಒಂದು ಬೆನ್ನು ಹೇಳಿತ್ತು.

ನಾವೂ ಇದರಿಂದ ದೂರ ಇರಲಿಲ್ಲ. ಬ್ರಿಟಿಷರು 1864ರಲ್ಲಿ ಭಾರತಕ್ಕೆ ‘ವಿಪ್ಪಿಂಗ್ ಆ್ಯಕ್ಟ್’ ಅನ್ನೋ ಕಾನೂನನ್ನೇ ತಂದರು. ಕಳವಿನಂಥ ಅಪರಾಧಕ್ಕೆ ಮೈಮೇಲೆ ಏಟು ಹೊಡೆಸೋ ಶಿಕ್ಷೆ. ಅದನ್ನ ಪೂರ್ತಿ ರದ್ದು ಮಾಡಿದ್ದು 1955ರಲ್ಲಿ. ಸ್ವಾತಂತ್ರ್ಯ ಬಂದು ಎಂಟು ವರ್ಷ ಆದ ಮೇಲೆ!

ವಿಚಿತ್ರ ನೋಡಿ. ಇಂಡಿಯಾನಾ ಜೋನ್ಸ್ ಸರಣಿಯ ಎರಡನೇ ಸಿನಿಮಾ, 1984ರ ‘ಟೆಂಪಲ್ ಆಫ್ ಡೂಮ್’, ನಡೆಯೋದೇ ಭಾರತದಲ್ಲಿ. ಚಿತ್ರೀಕರಣ ಆಗಿದ್ದು ಮಾತ್ರ ಶ್ರೀಲಂಕಾದಲ್ಲಿ. ಖಳನಾಯಕ ನಮ್ಮ ಅಮರೀಶ್ ಪುರಿ. ಗಿರೀಶ್ ಕಾರ್ನಾಡರ ‘ಕಾಡು’ ಸಿನಿಮಾದಲ್ಲಿ ಕನ್ನಡಿಗರು ನೋಡಿದ್ದ ಅದೇ ಅಮರೀಶ್ ಪುರಿ. ಆ ಸಿನಿಮಾದಲ್ಲಿ ಚಾಟಿ ಎರಡು ಕಡೆ ಇದೆ. ನಾಯಕನ ಸೊಂಟದಲ್ಲೂ ಇದೆ, ಗಣಿಯಲ್ಲಿ ಮಕ್ಕಳನ್ನ ದುಡಿಸೋ ಕಾವಲುಗಾರರ ಕೈಯಲ್ಲೂ ಇದೆ. ಒಂದಕ್ಕೆ ನಾವು ಚಪ್ಪಾಳೆ ಹೊಡೀತೀವಿ, ಇನ್ನೊಂದಕ್ಕೆ ಹಲ್ಲು ಕಡೀತೀವಿ. ಅದೇ ಸಿನಿಮಾದ ಟೋಪಿ 2024ರ ಆಗಸ್ಟ್‌ನಲ್ಲಿ 6 ಲಕ್ಷದ 30 ಸಾವಿರ ಡಾಲರ್‌ಗೆ ಹೋಯ್ತು.

ಈಗ ನನ್ನ ಪ್ರಶ್ನೆಗೆ ವಾಪಸ್ ಬರ್ತೀನಿ. ಮಿಕ್ಕ ಐದು ಲಕ್ಷ ಡಾಲರ್ ಯಾವುದಕ್ಕೆ? ಫೋರ್ಡ್ ಮುಟ್ಟಿದ್ದಕ್ಕೆ, ಡಯಾನಾ ಕೈಯಲ್ಲಿ ಇದ್ದದ್ದಕ್ಕೆ ಅಂತ ಹೇಳಿಬಿಡಬಹುದು. ಅದು ನಿಜವೇ. ಆದರೆ ಇಂಥ ಹರಾಜುಗಳಲ್ಲಿ ಒಂದು ಪರೀಕ್ಷೆ ನಡೆಯತ್ತೆ. ಸಿನಿಮಾದ ದೃಶ್ಯವನ್ನ ನಿಲ್ಲಿಸಿ, ದೊಡ್ಡದು ಮಾಡಿ, ತೆರೆಯ ಮೇಲಿನ ವಸ್ತುವೂ ಎದುರಿಗಿರೋ ವಸ್ತುವೂ ಒಂದೇನಾ ಅಂತ ಹೋಲಿಸ್ತಾರೆ. ಎಲ್ಲಿ ಸವೆದಿದೆ, ಎಲ್ಲಿ ಗೀರು ಬಿದ್ದಿದೆ, ಗಂಟು ಹೇಗಿದೆ, ಹೆಣಿಗೆ ಎಲ್ಲಿ ಚೂರು ವಾಲಿದೆ. ಯೋಚನೆ ಮಾಡಿ. ಯಂತ್ರದಲ್ಲಿ ಅಚ್ಚು ಹೊಡೆದ ಸಾವಿರ ಪ್ಲಾಸ್ಟಿಕ್ ಚಾಟಿ ಸಾವಿರವೂ ಒಂದೇ ಥರ. ಕೈಯಲ್ಲಿ ಹೆಣೆದದ್ದು ಒಂದರ ಹಾಗೆ ಇನ್ನೊಂದಿಲ್ಲ. ಇದು ಅದೇ ಚಾಟಿ ಅಂತ ಹೇಳೋ ಧೈರ್ಯ ಕೊಡೋದು, ಹೆಣೆದವನ ಕೈ ಬಿಟ್ಟ ಆ ಸಣ್ಣ ವ್ಯತ್ಯಾಸ. ನಟನ ಹೆಸರಿಗೆ ಬೆಲೆ ಬರೋದಕ್ಕೂ ಮೊದಲು ಕಸುಬುದಾರನ ಕೈ ಸಾಕ್ಷಿ ಹೇಳಬೇಕು. ಆದರೆ ಹರಾಜಿನ ಸುತ್ತಿಗೆ ಬಿದ್ದಾಗ ಆ ಸಾಕ್ಷಿಗೆ ಸಿಗೋದು ಎಷ್ಟು? ಹಣ ಮಾರಿದವರಿಗೆ, ಹರಾಜು ಮಾಡಿದವರಿಗೆ.

ಈ ಸುದ್ದಿ ಓದಿದ ಮೇಲೆ ನನಗೆ ನಮ್ಮ ಊರಿನ ಮನೆ ನೆನಪಾಯ್ತು. ಅಟ್ಟದ ಮೇಲೆ ತಾತನ ಬಾರುಕೋಲು ಇತ್ತು. ಬಿದಿರಿನ ಹಿಡಿ, ಹೆಣೆದ ಚರ್ಮದ ಬಾರು. ತಾತ ಅದನ್ನ ಎತ್ತಿನ ಮೈಗೆ ತಾಗಿಸಿದ್ದನ್ನ ನಾನು ನೋಡಿಲ್ಲ, ಗಾಳಿಯಲ್ಲಿ ಒಂದು ಸಲ ಆಡಿಸೋರು ಅಷ್ಟೆ. ರಾತ್ರಿ ಬುಲೆಟಿನ್ ಮುಗಿಸಿದವನು ಬೆಳಗಾಗೋದನ್ನೇ ಕಾದು ಅಮ್ಮನಿಗೆ ಫೋನ್ ಮಾಡಿದೆ.

‘ಅಮ್ಮಾ, ತಾತನ ಬಾರುಕೋಲು ಮಾಡಿಕೊಟ್ಟೋರು ಯಾರು?’

‘ಯಾಕೋ ಬೆಳಗ್ಗೆ ಬೆಳಗ್ಗೆ? ಕೇರಿಯಿಂದ ಒಬ್ರು ಬರ್ತಿದ್ರು ಕಣೋ. ಮಿಣಿ, ಬಾರು, ಕಪಿಲೆಯ ತೊಗಲಿನ ಚೀಲ ಎಲ್ಲ ಅವ್ರೇ ಮಾಡಿಕೊಡ್ತಿದ್ರು. ಸುಗ್ಗೀಲಿ ಕಣದಲ್ಲಿ ರಾಗಿ ಅಳೆದು ಕೊಡ್ತಿದ್ವಿ.’

‘ಹೆಸರೇನು?’

ಅಮ್ಮ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹೆಸರು... ನಾವು ಜಾತಿ ಹೆಸರು ಹಿಡಿದೇ ಕರೀತಿದ್ವಲ್ಲೋ’ ಅಂದಳು.

ನನಗೆ ಮಾತು ಹೊರಡಲಿಲ್ಲ. ದಿನಾ ರಾತ್ರಿ ಒಂಬತ್ತಕ್ಕೆ ಊರಿಗೆಲ್ಲ ಚಾಟಿ ಬೀಸೋನು ನಾನು. ನಮ್ಮ ಹೊಲ ಉತ್ತಿದ್ದು, ನಮ್ಮ ತೋಟಕ್ಕೆ ನೀರು ಬಂದದ್ದು, ಆ ದುಡಿಮೆಯಲ್ಲಿ ನಾನು ಎಂಜಿನಿಯರಿಂಗ್ ಓದಿದ್ದು, ಎಲ್ಲದರಲ್ಲೂ ಆ ಮನುಷ್ಯನ ಹೆಣಿಗೆ ಇತ್ತು. ಅವರು ಹೊಸ್ತಿಲಾಚೆ ನಿಂತು ಬಾರುಕೋಲು ಕೊಟ್ಟು ಹೋಗ್ತಿದ್ದರು. ಅವರ ಹೆಸರನ್ನ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಅಮೆರಿಕದಲ್ಲಿ ಕೊನೇ ಪಕ್ಷ ಡೇವಿಡ್ ಮಾರ್ಗನ್ ಅನ್ನೋ ಹೆಸರಾದ್ರೂ ಉಳೀತು.

ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಕೇರಿಗೆ ಹೋಗಿ ವಿಚಾರಿಸಿದೆ. ಅವರ ಮೊಮ್ಮಗ ಸಿಕ್ಕ. ನನ್ನ ವಯಸ್ಸಿನವನೇ, ತಾಲ್ಲೂಕಿನಲ್ಲಿ ಮೇಷ್ಟ್ರು. ಬಾರುಕೋಲು ತೋರಿಸಿದೆ. ಹೆಣಿಗೆಯ ಮೇಲೆ ಬೆರಳಾಡಿಸಿ ನೋಡಿದ. ‘ಈ ಗಂಟು ನಮ್ಮ ತಾತಂದೇ ಸಾರ್. ಅವ್ರು ಎಡಗೈಯಲ್ಲಿ ಕಟ್ತಿದ್ರು’ ಅಂದ. ಆಮೇಲೆ ತಾತನ ಹೆಸರು ಹೇಳಿದ. ಅದನ್ನ ಇಲ್ಲಿ ಅಚ್ಚು ಮಾಡೋಕೆ ಅವನು ಒಪ್ಪಲಿಲ್ಲ. ‘ಇಷ್ಟು ವರ್ಷ ಬೇಡದೆ ಇದ್ದದ್ದು ಈಗ್ಯಾಕೆ ಸಾರ್’ ಅಂದ. ಅವನ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಬಾರುಕೋಲನ್ನ ಅವನ ಕೈಗೇ ಕೊಟ್ಟು ಬಂದೆ.

ನಿಮ್ಮ ಮನೆಯ ಅಟ್ಟದಲ್ಲೂ ಹೀಗೆ ಒಂದು ಮಿಣಿಯೋ ಮೊರವೋ ಕಂಬಳಿಯೋ ಇರತ್ತೆ. ಅದಕ್ಕೆ ಯಾವ ಹರಾಜಿನಲ್ಲೂ ಕೋಟಿ ಸಿಗಲ್ಲ. ಆದರೆ ಅದನ್ನ ಮಾಡಿದವರು ಯಾರು ಅಂತ ಮನೆಯ ಹಿರಿಯರನ್ನ ಇವತ್ತೇ ಕೇಳಿ. ಹೇಳೋರು ಇರುವಾಗಲೇ ಕೇಳಿ.