ಎಡಕಲ್ಲಿನ ನೆರೆಯಲ್ಲಿ ‘ಆದಿಮಾನವ’ ಯಾರು?



ಎಡಕಲ್ಲು ಅಂದರೆ ನಮ್ಮ ಮನೆಗಳ ಹಿರಿಯರಿಗೆ ಮೊದಲು ನೆನಪಾಗುವುದು ಪುಟ್ಟಣ್ಣ ಕಣಗಾಲರ 1973ರ ಸಿನಿಮಾ ‘ಎಡಕಲ್ಲು ಗುಡ್ಡದ ಮೇಲೆ’. ಭಾರತೀಸುತರ ಕಾದಂಬರಿ ಅದಕ್ಕೆ ಆಧಾರ. ಆ ಹೆಸರಿನ ಗುಡ್ಡ ನಮ್ಮ ಸುಲ್ತಾನ್ ಬತ್ತೇರಿಯಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಅಂಬಲವಯಲ್ ಹತ್ತಿರದ ಅಂಬುಕುತ್ತಿ ಮಲೆಯಲ್ಲಿದೆ. ನೆಂಟರು ಬಂದರೆ ನಾವು ತಪ್ಪದೆ ಕರೆದುಕೊಂಡು ಹೋಗುವ ಜಾಗ.

ಗುಹೆ ಅನ್ನುತ್ತೇವೆ, ಆದರೆ ಅದು ಗುಹೆಯಲ್ಲ. ಬೆಟ್ಟದ ಬಂಡೆ ಸೀಳಿ ದೊಡ್ಡ ಬಿರುಕು ಬಿಟ್ಟಿದೆ. ಆ ಬಿರುಕಿನ ಮೇಲುಗಡೆ ಒಂದು ಭಾರೀ ಕಲ್ಲು ಬಿದ್ದು, ಎರಡು ಗೋಡೆಗಳ ಎಡೆಯಲ್ಲಿ ಸಿಕ್ಕಿಕೊಂಡು, ಮಾಡಿನ ಹಾಗೆ ನಿಂತಿದೆ. ಎಡೆಯ ಕಲ್ಲು, ಎಡಕಲ್ಲು. ಹೆಸರು ತಿಳಿಯಲು ನಮಗೆ ನಿಘಂಟು ಬೇಡ. ಒಳಗಿನ ಗೋಡೆಗಳ ತುಂಬ ಆಳವಾಗಿ ಕೊರೆದ ಗೆರೆಗಳು. ತಲೆಯ ಮೇಲೆ ಏನನ್ನೋ ತೊಟ್ಟ ಮನುಷ್ಯರು, ಪ್ರಾಣಿಗಳು, ಚಕ್ರಗಳು, ಒಂದರ ಮೇಲೊಂದು ಹಾದುಹೋಗುವ ಗೀಟುಗಳು. ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡದಿದ್ದರೆ ಒಂದು ಆಕೃತಿಯೂ ಕಣ್ಣಿಗೆ ಬೀಳುವುದಿಲ್ಲ.

ಆ ಗೋಡೆಯ ಮುಂದೆ ನಿಂತವರಲ್ಲಿ ಹೆಚ್ಚಿನವರು ಹೇಳುವುದು, ‘ಆದಿಮಾನವರು ಮಾಡಿದ್ದು’ ಎಂದು. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಅವರ ಕುಲದವರು ಈಗಲೂ ಇಲ್ಲೇ ಇದ್ದಾರಲ್ಲ’ ಎಂದು ಗುಡ್ಡದ ಕೆಳಗಿನ ಹಾಡಿಗಳ ಕಡೆ ಕೈ ತೋರಿಸುತ್ತಾರೆ. ನಾವು ಬರೆಯಹೊರಟಿರುವುದು ಈ ಎರಡನೆಯ ಮಾತಿನ ಬಗ್ಗೆ.

ಮೊದಲು ಕಾಲದ ಲೆಕ್ಕ ನೋಡೋಣ. ಊರವರಿಗೆ ಗೊತ್ತಿದ್ದ ಈ ಜಾಗವನ್ನು ಹೊರಗಿನ ವಿದ್ವಾಂಸರಿಗೆ ತಿಳಿಸಿದವರು ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್. 1890ರ ದಶಕದಲ್ಲಿ ನೋಡಿ, 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಬರೆದರು. ಕೊರೆದ ಗೆರೆಯಲ್ಲಿ ಇದ್ದಿಲು, ಮೂಳೆ ಇರುವುದಿಲ್ಲ. ಹಾಗಾಗಿ ಅದರ ವಯಸ್ಸನ್ನು ನೇರವಾಗಿ ಅಳೆಯಲಾಗದು. ಆಕೃತಿಗಳ ಶೈಲಿ ನೋಡಿ ನವಶಿಲಾಯುಗದ್ದು ಎನ್ನುತ್ತಾರೆ. ಕೆಲವರು 8,000 ವರ್ಷದವರೆಗೂ ಹೋಗುತ್ತಾರೆ. ಅದೇ ಬಂಡೆಯ ಮೇಲೆ ಬಹಳ ಕಾಲದ ನಂತರ ಬಂದವರು ಬ್ರಾಹ್ಮಿ ಲಿಪಿಯಲ್ಲಿ ಬರೆದಿದ್ದಾರೆ. ಅವುಗಳಲ್ಲೊಂದರಲ್ಲಿ ಜರ್ಮನ್ ಶಾಸನತಜ್ಞ ಹುಲ್ಷ್ ಅವರು ವಿಷ್ಣುವರ್ಮ ಎಂಬ ಹೆಸರನ್ನು ಓದಿದರು. ಅಂದರೆ ಒಂದೇ ಗೋಡೆಗೆ ಬೇರೆ ಬೇರೆ ಕಾಲದ ಕೈಗಳು ತಾಗಿವೆ.

8,000 ವರ್ಷ ಎಂದೇ ಇಟ್ಟುಕೊಂಡರೂ ಮಾನವ ವಿಕಾಸದ ಲೆಕ್ಕದಲ್ಲಿ ಅದು ನಿನ್ನೆ ಸಂಜೆಯ ಮಾತು. ಯಾದಗಿರಿ ಜಿಲ್ಲೆಯ ಹುಣಸಗಿ ಬಯಲಿನಲ್ಲಿ ಇಸಾಂಪುರ ಎಂಬ ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಲ್ಲಿ ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಒಂದು ಕಾರ್ಖಾನೆಯನ್ನೇ ಕಂಡುಹಿಡಿದರು. ಅಲ್ಲಿ ಸಿಕ್ಕ ಪ್ರಾಣಿಗಳ ಹಲ್ಲನ್ನು ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ. ಚೆನ್ನೈ ಸಮೀಪದ ಅತ್ತಿರಂಪಾಕ್ಕಂನ ಉಪಕರಣಗಳು ಸುಮಾರು 15 ಲಕ್ಷ ವರ್ಷ ಹಳೆಯವೆಂದು ಶಾಂತಿ ಪಪ್ಪು ಅವರ ತಂಡ 2011ರಲ್ಲಿ ಪ್ರಕಟಿಸಿತು. ಆ ಕಲ್ಲು ಒಡೆದವರು ನಮ್ಮಂಥ ಮನುಷ್ಯರಲ್ಲ. ಇನ್ನೊಂದು ಬಗೆಯ ಪ್ರಾಚೀನ ಮಾನವರು. ನಮ್ಮ ಜಾತಿಯ ಮನುಷ್ಯ, ಹೋಮೋ ಸೇಪಿಯನ್ಸ್, ಆಫ್ರಿಕದಲ್ಲಿ ಕಾಣಿಸಿಕೊಂಡದ್ದೇ ಸುಮಾರು 3 ಲಕ್ಷ ವರ್ಷದ ಹಿಂದೆ.

ಅಷ್ಟು ಹಳೆಯ ಮೂಳೆ ಭಾರತದಲ್ಲಿ ಸಿಕ್ಕಿರುವುದು ಬಹಳ ಅಪರೂಪ. 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಕಿಯ ಅವರಿಗೆ ನರ್ಮದೆಯ ದಡದ ಹಥನೋರಾದಲ್ಲಿ ಒಂದು ತಲೆಬುರುಡೆಯ ಭಾಗ ಸಿಕ್ಕಿತು. ನಮ್ಮ ವಯನಾಡಿನಲ್ಲಂತೂ ಜೋರು ಮಳೆ, ಹುಳಿ ಮಣ್ಣು. ಹೂತಿಟ್ಟ ಮೂಳೆ ಇಲ್ಲಿ ಉಳಿಯುವುದು ಕಷ್ಟ, ಕಲ್ಲು ಉಳಿಯುತ್ತದೆ. ಆದ್ದರಿಂದ ಇಲ್ಲಿನ ಹಳೆಯ ಜನರನ್ನು ಹುಡುಕಲು ಹೊರಟವರು ಮಣ್ಣು ಬಿಟ್ಟು, ಬದುಕಿದ್ದ ಜನರ ಮೈಯನ್ನೇ ಅಳೆಯತೊಡಗಿದರು.

ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ ಮೂಗು, ತಲೆ, ಎತ್ತರ ಅಳೆಯುವ ಸಾಮಾನು ಹೊತ್ತು ದಕ್ಷಿಣ ಭಾರತವನ್ನೆಲ್ಲ ಸುತ್ತಿದವರು. ದಕ್ಷಿಣದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಅವರ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ವಯನಾಡಿನ ತೋಟದ ದೊರೆಗಳಲ್ಲಿ ಆಗ ಒಂದು ನಂಬಿಕೆ ಇತ್ತಂತೆ: ಪಣಿಯರು ಆಫ್ರಿಕದವರು, ಮಲಬಾರ್ ಕರಾವಳಿಯಲ್ಲಿ ಹಡಗು ಒಡೆದು ಇಲ್ಲಿ ಉಳಿದವರು ಎಂದು. ಥರ್ಸ್ಟನ್ ಅದನ್ನು ಒಪ್ಪಲಿಲ್ಲ. ಅವರೇ ಬರೆದಿಟ್ಟ ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಕಾಡುತ್ತದೆ. ಅವರನ್ನು ಕಂಡ ಕೂಡಲೇ ವಯನಾಡಿನ ಪಣಿಯ ಹೆಂಗಸರು ಓಡಿಹೋದರು. ತಮ್ಮಲ್ಲಿ ಚೆನ್ನಾಗಿರುವವರನ್ನು ಆರಿಸಿ, ಒಳಗೆ ಹೊಟ್ಟು ತುಂಬಿ ಮದ್ರಾಸ್ ಮ್ಯೂಸಿಯಂನಲ್ಲಿ ನಿಲ್ಲಿಸುತ್ತಾರೆ ಎಂಬ ಹೆದರಿಕೆ ಅವರದು. ಥರ್ಸ್ಟನ್ ಇದನ್ನು ತಮಾಷೆಯಂತೆ ಹೇಳಿದ್ದಾರೆ. ನಮಗೆ ನಗು ಬರುವುದಿಲ್ಲ. ತಮ್ಮನ್ನು ಹೇಗೆ ನೋಡಲಾಗುತ್ತಿದೆ ಎಂಬುದು ಆ ಹೆಂಗಸರಿಗೆ ಸರಿಯಾಗಿಯೇ ಅರ್ಥವಾಗಿತ್ತು.

ಈಗ ಮೂಗಿನ ಅಳತೆ ಹೋಗಿ ಡಿಎನ್‌ಎ ಬಂದಿದೆ. ಹೈದರಾಬಾದಿನ ಸಿಸಿಎಂಬಿಯ ಕೆ. ತಂಗರಾಜ್, ಲಾಲ್‌ಜಿ ಸಿಂಗ್ ಮತ್ತು ಅಮೆರಿಕದ ಡೇವಿಡ್ ರೈಖ್ ಸೇರಿ 25 ಸಮುದಾಯಗಳ 132 ಜನರ ಡಿಎನ್‌ಎ ನೋಡಿ 2009ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಭಾರತದ ನೆಲದ ಹೆಚ್ಚುಕಡಿಮೆ ಎಲ್ಲರೂ ಎರಡು ಹಳೆಯ ಪೂರ್ವಜ ಗುಂಪುಗಳ ಬೆರಕೆ ಎಂಬುದು ಅದರ ಸಾರ. 2013ರ ಮುಂದಿನ ಅಧ್ಯಯನ, ಈ ಬೆರಕೆ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ನಡೆಯಿತು, ಆಮೇಲೆ ತಮ್ಮತಮ್ಮಲ್ಲೇ ಮದುವೆಯಾಗುವ ಕಟ್ಟು ಬಿಗಿಯಾಯಿತು ಎಂದಿತು. ಪಣಿಯರ ಹೆಸರು ಇಂಥ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉಪಖಂಡದ ಹಳೆಯ ಬೇಟೆಗಾರ ಪೂರ್ವಜರ ಪಾಲು ಅವರಲ್ಲಿ ಹೆಚ್ಚು.

ತಪ್ಪು ತಿಳಿಯುವುದು ಇಲ್ಲೇ. ಪಾಲು ಹೆಚ್ಚು ಎಂದರೆ ಅವರು ನಮಗಿಂತ ‘ಹಿಂದಿನ’ ಮನುಷ್ಯರು ಎಂದಲ್ಲ. ಆ ಪೂರ್ವಜರು ನಮ್ಮಲ್ಲೂ ಇದ್ದಾರೆ, ಪ್ರಮಾಣ ಮಾತ್ರ ಬೇರೆ. ಆಫ್ರಿಕದಿಂದ ಹೊರಟ ದಿನದಿಂದ ಇಂದಿನವರೆಗೆ ಪಣಿಯರು, ಜೈನ ಗೌಡರು, ತಿರುವಾಂಕೂರಿನಿಂದ ಬಂದ ಕ್ರೈಸ್ತರು, ಮೈಸೂರು ಕಡೆಯಿಂದ ಬಂದವರು, ಎಲ್ಲರೂ ನಡೆದದ್ದು ಅಷ್ಟೇ ವರ್ಷ. ಯಾರ ಗಡಿಯಾರವೂ ನಿಂತಿರಲಿಲ್ಲ. ಕಾಟ್ಟುನಾಯಕರ ಮಾತು ಕೇಳಿ ನೋಡಿ. ನಮ್ಮ ಕನ್ನಡದ ಕಿವಿಗೆ ಎಷ್ಟೋ ಪದ ಪರಿಚಿತವಾಗಿರುತ್ತವೆ. ಜೊತೆಯಲ್ಲಿ ಬದುಕಿದ ಗುರುತು ಅದು.

ಇನ್ನು ‘ಪಣಿಯ’ ಎಂಬ ಹೆಸರು. ಪಣಿ ಎಂದರೆ ಕೆಲಸ. ಮಾನಂದವಾಡಿ ಹತ್ತಿರದ ವಳ್ಳಿಯೂರ್‌ಕಾವು ಜಾತ್ರೆಯಲ್ಲಿ ಜಮೀನುದಾರರು ಇವರನ್ನು ಒಂದು ವರ್ಷದ ಜೀತಕ್ಕೆ ಗೊತ್ತುಮಾಡುತ್ತಿದ್ದರು. ಜೀತವನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ. ಅವರ ಬಡತನಕ್ಕೆ ಕಾರಣ ಹುಡುಕಲು ಶಿಲಾಯುಗದವರೆಗೆ ಹೋಗಬೇಕಾಗಿಲ್ಲ. ನಮ್ಮ ಅಜ್ಜಂದಿರ ಕಾಲದ ಲೆಕ್ಕಪುಸ್ತಕ ಸಾಕು.

‘ಆದಿಕಾಂಡ ಓದುವ ನಾವು ವಿಕಾಸದ ಮಾತಾಡಬಹುದೇ?’ ಎಂದು ಯುವಕೂಟದಲ್ಲಿ ಆಗಾಗ ಕೇಳುತ್ತಾರೆ. ಮಾನವ ದೇಹದ ಮೂಲವನ್ನು ಕುರಿತ ಸಂಶೋಧನೆಗೆ ಪೋಪ್ ಹನ್ನೆರಡನೇ ಪಿಯುಸ್ 1950ರಲ್ಲೇ ಬಾಗಿಲು ತೆರೆದಿದ್ದರು. ವಿಕಾಸವಾದ ಬರೀ ಊಹೆಯಲ್ಲ ಎಂಬ ಅರ್ಥದಲ್ಲಿ ಎರಡನೇ ಜಾನ್ ಪಾಲ್ 1996ರಲ್ಲಿ ಮಾತಾಡಿದರು. ಪೀಕಿಂಗ್ ಮಾನವನ ಸಂಶೋಧನೆಯಲ್ಲಿದ್ದ ತೇಯಾರ್ ದ ಶಾರ್ದಾಂ ಯೇಸುಸಭೆಯ ಗುರು. 1935ರಲ್ಲಿ ಅವರು ಭಾರತಕ್ಕೂ ಬಂದು ನರ್ಮದೆಯ ಕಣಿವೆ ನೋಡಿದ್ದರು. ಆದಿಕಾಂಡವಂತೂ ಎಲ್ಲರಿಗೂ ಒಬ್ಬನೇ ತಂದೆಯನ್ನು ಹೇಳುತ್ತದೆ, ಹಾಡಿಗೊಬ್ಬ ಊರಿಗೊಬ್ಬ ಎಂದು ಹೇಳುವುದಿಲ್ಲ.

ಕೊನೆಗೊಂದು ಕೆಲಸದ ಮಾತು. ಶುಂಠಿಗೋ ಮೆಣಸಿಗೋ ಅಗೆಯುವಾಗ ನುಣುಪಾಗಿ ಉಜ್ಜಿದ ಕೊಡಲಿಯಾಕಾರದ ಕಲ್ಲು, ಹಳೆಯ ಮಡಕೆಯ ತುಂಡು ಸಿಕ್ಕರೆ ತೊಳೆಯಬೇಡಿ, ಜಾಗದಿಂದ ಕದಲಿಸಬೇಡಿ. ಎಷ್ಟು ಆಳದಲ್ಲಿತ್ತು ಎಂದು ಗುರುತು ಹಾಕಿ, ಫೋಟೋ ತೆಗೆದು, ಅಂಬಲವಯಲ್‌ನ ಮ್ಯೂಸಿಯಂಗೆ ತಿಳಿಸಿ. ಸಿಕ್ಕಿದ್ದು ಯಾರ ಗುದ್ದಲಿಗೆ ಎಂಬುದನ್ನೂ ಅವರ ಪೂರ್ತಿ ಹೆಸರಿನೊಂದಿಗೆ ಬರೆದುಕೊಳ್ಳಿ.