ಸಾರಥ್ಯ ರೋಗಿಯದೇ

ಇನ್ಸುಲಿನ್ನಿನ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಗೆಲುವಿನ ಕಥೆಯಾಗಿ ಹೇಳಿ ಬೇಗ ಮುಗಿಸುತ್ತಾರೆ. 1922ರ ಜನವರಿಯಲ್ಲಿ ಟೊರಾಂಟೊ ನಗರದ ಆಸ್ಪತ್ರೆಯೊಂದರಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಚುಚ್ಚುಮದ್ದು ಕೊಟ್ಟರು. ಮರುವರ್ಷ ಬ್ಯಾಂಟಿಂಗ್ ಮತ್ತು ಮೆಕ್ಲಿಯಾಡ್ ಅವರಿಗೆ ನೊಬೆಲ್ ಬಹುಮಾನ ಬಂತು. ರೋಗಿಯ ಪಾಲಿನ ಕಥೆ ಆರಂಭವಾಗುವುದು ಅಲ್ಲಿಂದ ಮುಂದೆ. ಕೊಲ್ಲುತ್ತಿದ್ದ ಕಾಯಿಲೆಯೊಂದು ಜೀವಮಾನವಿಡೀ ಜೊತೆಯಲ್ಲಿ ಬಾಳಬೇಕಾದ ಕಾಯಿಲೆಯಾಯಿತು. ದಿನದಿನದ ಆ ಬಾಳುವೆಯನ್ನು ನಡೆಸುವವರು ಯಾರು?

ಪ್ರಶ್ನೆ ಹೊಸದಲ್ಲ. ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿ ಮಧುಮೇಹವನ್ನು ಅವುಗಳಲ್ಲೊಂದಾಗಿ ಎಣಿಸಿದ ನಮ್ಮ ಪ್ರಾಚೀನ ವೈದ್ಯರು ಔಷಧದಷ್ಟೇ ನಡೆನುಡಿಯ ಮೇಲೂ ಭಾರ ಹಾಕಿದ್ದರು. ಹಣವಿಲ್ಲದ ರೋಗಿ ನೂರು ಯೋಜನ ನಡೆಯಲಿ, ಬಾವಿ ತೋಡಲಿ ಎನ್ನುತ್ತದೆ ಸುಶ್ರುತ ಸಂಹಿತೆ. ಬೊಜ್ಜು ಬೆಳೆದ ನಡುವಯಸ್ಸಿನವರಿಗೆ ಇದು ಇಂದಿಗೂ ಕೆಟ್ಟ ಸಲಹೆಯಲ್ಲ. ಆದರೆ ದೇಹದಲ್ಲಿ ಇನ್ಸುಲಿನ್ನೇ ಬತ್ತಿಹೋದ ಮಗುವನ್ನು ಯಾವ ನಡಿಗೆಯೂ ಉಳಿಸಲಾರದು.

ಅಂಥ ಮಕ್ಕಳಿಗೆ 1910ರ ದಶಕದ ಅಮೆರಿಕದಲ್ಲಿ ಫ್ರೆಡರಿಕ್ ಆಲೆನ್ ಕೊಡುತ್ತಿದ್ದ ಚಿಕಿತ್ಸೆ ಉಪವಾಸ. ಸಾವನ್ನು ಕೆಲವು ತಿಂಗಳು, ಕೆಲವು ವರ್ಷ ಮುಂದೂಡಲು ಬೇರೆ ದಾರಿಯಿರಲಿಲ್ಲ. ಅಮೆರಿಕದ ವಿದೇಶಾಂಗ ಸಚಿವರ ಮಗಳು ಎಲಿಜಬೆತ್ ಹ್ಯೂಸ್ ಅವನ್ನು ಹೀಗೆ ಹಸಿವಿನಲ್ಲೇ ಬದುಕಿಸಿಟ್ಟರು. 1922ರ ಆಗಸ್ಟಿನಲ್ಲಿ ಬ್ಯಾಂಟಿಂಗರ ಬಳಿ ಬಂದಾಗ ಆಕೆ 15ರ ಹೊಸ್ತಿಲಲ್ಲಿದ್ದಳು. ತೂಕ ಸುಮಾರು 20 ಕಿಲೊ.

ಇನ್ಸುಲಿನ್ ಬಂದ ಮೇಲೆ ಎದುರಾದದ್ದು ಲೆಕ್ಕಾಚಾರದ ತೊಡಕು. ಉಂಡದ್ದಕ್ಕಿಂತ ಮದ್ದು ಹೆಚ್ಚಾದರೆ ನಡುಕ, ಬೆವರು, ಪ್ರಜ್ಞೆ ತಪ್ಪುವುದು. ಕಡಿಮೆಯಾದರೆ ಸಕ್ಕರೆ ಏರುವುದು. ಪ್ರತಿ ಊಟಕ್ಕೂ ವೈದ್ಯರು ಪಕ್ಕದಲ್ಲಿ ಕೂರುವಂತಿಲ್ಲ. ಇದನ್ನು ಬಹು ಬೇಗ ಅರಿತವರು ಬಾಸ್ಟನ್ನಿನ ಎಲಿಯಟ್ ಜಾಸ್ಲಿನ್. 1918ರಲ್ಲೇ ಅವರು ವೈದ್ಯರಿಗೂ ರೋಗಿಗಳಿಗೂ ಒಂದೇ ಕೈಪಿಡಿಯನ್ನು ಬರೆದಿದ್ದರು. ಆಹಾರ, ಇನ್ಸುಲಿನ್, ವ್ಯಾಯಾಮ ಎಂಬ ಮೂರು ಕುದುರೆಗಳ ರಥವನ್ನು ರೋಗಿಯೇ ಹೊಡೆಯಬೇಕೆಂಬುದು ಅವರ ಹೋಲಿಕೆ. ನಮ್ಮ ಕುರುಕ್ಷೇತ್ರದಲ್ಲಾದರೋ ಯೋಧನಿಗೊಬ್ಬ ಸಾರಥಿಯಿದ್ದ. ಇಲ್ಲಿ ಎರಡೂ ಪಾತ್ರ ಒಬ್ಬನದೇ. ಲಂಡನ್ನಿನ ಆರ್. ಡಿ. ಲಾರೆನ್ಸ್ ವೈದ್ಯರೂ ಹೌದು, ಮಧುಮೇಹಿಯೂ ಹೌದು. ಸಾವನ್ನು ಎದುರುನೋಡುತ್ತ ಫ್ಲಾರೆನ್ಸಿನಲ್ಲಿದ್ದ ಅವರು 1923ರಲ್ಲಿ ಇನ್ಸುಲಿನ್ನಿನ ಸುದ್ದಿ ತಲುಪಿ ಹಿಂದಿರುಗಿದರು; 1934ರಲ್ಲಿ ಲೇಖಕ ಎಚ್. ಜಿ. ವೆಲ್ಸ್ ಅವರೊಡನೆ ಮಧುಮೇಹಿಗಳ ಸಂಘವನ್ನೇ ಕಟ್ಟಿದರು.

ರಥವೇನೋ ಕೈಗೆ ಬಂತು, ದಾರಿ ಕಾಣುತ್ತಿರಲಿಲ್ಲ. ನಮ್ಮ ಹಿರಿಯರ ಕಾಲದ ಮನೆಗಳಲ್ಲೂ ಇದ್ದ ಉಪಾಯ ಬೆನೆಡಿಕ್ಟ್ ದ್ರಾವಣ: 5 ಮಿಲಿಲೀಟರ್ ನೀಲಿ ದ್ರವಕ್ಕೆ 8 ಹನಿ ಮೂತ್ರ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿ, ಬಣ್ಣ ಹಸಿರಿಗೋ ಹಳದಿಗೋ ಇಟ್ಟಿಗೆ ಕೆಂಪಿಗೋ ತಿರುಗುವುದನ್ನು ಕಾಯುವುದು. ಆದರೆ ರಕ್ತದ ಸಕ್ಕರೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲಷ್ಟೇ ಮೂತ್ರದಲ್ಲಿ ಅದು ಕಾಣಿಸೀತು. ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದದ್ದನ್ನಂತೂ ಆ ನೀಲಿ ಹೇಳಲಾರದು.

ರಕ್ತವನ್ನೇ ಅಳೆಯುವ ಕೈಯಂತ್ರ 1970ರ ಸುಮಾರಿಗೆ ಅಮೆರಿಕದಲ್ಲಿ ಬಂದರೂ ಅದನ್ನು ಮಾರುತ್ತಿದ್ದುದು ವೈದ್ಯರಿಗೆ ಮಾತ್ರ. ರಿಚರ್ಡ್ ಬರ್ನ್‌ಸ್ಟೈನ್ ಎಂಬ ಎಂಜಿನಿಯರ್, ಬಾಲ್ಯದಿಂದ ಮಧುಮೇಹಿ, ವೈದ್ಯೆಯಾಗಿದ್ದ ಹೆಂಡತಿಯ ಹೆಸರಿನಲ್ಲಿ ಅದನ್ನು ತರಿಸಿಕೊಂಡರು. ದಿನಕ್ಕೆ ಹಲವು ಬಾರಿ ಅಳೆದು, ತಮ್ಮ ಊಟವನ್ನೂ ಮದ್ದನ್ನೂ ತಾವೇ ತಿದ್ದಿಕೊಂಡರು. ಅವರ ಮಾತಿಗೆ ವೈದ್ಯಲೋಕ ಕಿವಿಗೊಡದಿದ್ದಾಗ 40 ದಾಟಿದ ಮೇಲೆ ವೈದ್ಯಕೀಯ ಕಾಲೇಜು ಸೇರಿದರು. ಸಕ್ಕರೆಯ ಬಿಗಿ ಹತೋಟಿ ಕಣ್ಣು, ಮೂತ್ರಪಿಂಡ, ನರಗಳನ್ನು ಕಾಯುತ್ತದೆಂದು ಅಮೆರಿಕ, ಕೆನಡಾಗಳ 1,441 ಮಂದಿಯ ದೊಡ್ಡ ಅಧ್ಯಯನ ತೋರಿಸಿಕೊಟ್ಟದ್ದು 1993ರಲ್ಲಿ.

ಅಧಿಕಾರದೊಂದಿಗೆ ದೂಷಣೆಯೂ ರೋಗಿಯ ಪಾಲಿಗೆ ಬಂತು. ಸಕ್ಕರೆ ಏರಿದೊಡನೆ ‘ಪಥ್ಯ ಮಾಡಲಿಲ್ಲ’ ಎನ್ನುವುದು ನಮ್ಮ ಮನೆಗಳಲ್ಲೂ ಸುಲಭದ ಮಾತು. ಜ್ವರ, ನಿದ್ದೆಗೇಡು, ಚಿಂತೆಗಳೂ ಅದನ್ನು ಏರಿಸುತ್ತವೆಂಬುದು ಯಾರಿಗೂ ನೆನಪಾಗುವುದಿಲ್ಲ. ಎಲಿಜಬೆತ್ ಹ್ಯೂಸ್ ಮದುವೆಯಾಗಿ, ಮೂವರು ಮಕ್ಕಳನ್ನು ಹೆತ್ತು, 1981ರಲ್ಲಿ 73ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟರಲ್ಲಿ ಸುಮಾರು 42,000 ಚುಚ್ಚುಮದ್ದು ತೆಗೆದುಕೊಂಡಿದ್ದರು. ಆಕೆಗೆ ಮಧುಮೇಹವಿದ್ದ ಸಂಗತಿ ಹೆಚ್ಚಿನ ಪರಿಚಿತರಿಗೆ ತಿಳಿದಿರಲೇ ಇಲ್ಲ.