ಪಾವಗಡ ಸೌರ ಪಾರ್ಕ್

ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು ಮತ್ತು ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ವಿದ್ಯುತ್ ಕ್ಷೇತ್ರ. ಸರ್ಕಾರ ಇಟ್ಟ ಹೆಸರು ‘ಶಕ್ತಿಸ್ಥಳ’. ಸಾಮರ್ಥ್ಯ 2,050 ಮೆಗಾವಾಟ್. ಮೊದಲ ಹಂತವನ್ನು 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. 2019ರ ಡಿಸೆಂಬರ್ ಹೊತ್ತಿಗೆ ಪೂರ್ಣಗೊಂಡಿತು. ಕಲ್ಲಿದ್ದಲಿಗೆ ಬದಲಿ ಇಂಧನದ ಮೇಲೆ ಸರ್ಕಾರ ಹಣ ಹೂಡಬೇಕೇ ಎಂಬ ಪ್ರಶ್ನೆಗೆ ಕರ್ನಾಟಕದಲ್ಲಿ ಸಿಗುವ ಅತಿ ದೊಡ್ಡ ಉತ್ತರ ಇದು.

ಹಿನ್ನೆಲೆ: ಕರ್ನಾಟಕದಲ್ಲಿ ಕಲ್ಲಿದ್ದಲ ಗಣಿಯೇ ಇಲ್ಲ. ರಾಯಚೂರಿನ ಶಕ್ತಿನಗರದ ಉಷ್ಣ ಸ್ಥಾವರಕ್ಕೆ ಸಿಂಗರೇಣಿಯಿಂದಲೂ ಇತರ ಹೊರ ರಾಜ್ಯಗಳ ಗಣಿಗಳಿಂದಲೂ ರೈಲಿನಲ್ಲಿ ಕಲ್ಲಿದ್ದಲು ಬರಬೇಕು. ಕಲ್ಲಿದ್ದಲಿಗೆ ಬದಲಿ ಹುಡುಕುವ ಚಿಂತೆ ಹೊಸದಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಮೈಸೂರು ಸರ್ಕಾರ ಬೊಕ್ಕಸದ ಹಣ ಹಾಕಿ ಶಿವನಸಮುದ್ರದ ಜಲವಿದ್ಯುತ್ ಯೋಜನೆ ಕೈಗೆತ್ತಿಕೊಂಡಿತು. 1902ರಲ್ಲಿ ಅಲ್ಲಿಂದ ಸುಮಾರು 150 ಕಿಲೋಮೀಟರ್ ತಂತಿ ಎಳೆದು, ಅಲ್ಲಿಯವರೆಗೆ ಉಗಿ ಯಂತ್ರಗಳಲ್ಲಿ ನಡೆಯುತ್ತಿದ್ದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕೊಡಲಾಯಿತು. ಸೌರಶಕ್ತಿಯಲ್ಲಿಯೂ ಮೊದಲು ಮುಂದೆ ಬಂದದ್ದು ಸರ್ಕಾರವೇ: ಕರ್ನಾಟಕ ವಿದ್ಯುತ್ ನಿಗಮ 2010ರ ಸುಮಾರಿಗೆ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ 3 ಮೆಗಾವಾಟ್ ಸ್ಥಾವರ ನಿಲ್ಲಿಸಿತು.

ನೆಲ ಮತ್ತು ಗುತ್ತಿಗೆ: ಮೂರು ಕಡೆ ಆಂಧ್ರ ಸುತ್ತುವರಿದ ಪಾವಗಡ ಬೋಳುಬಂಡೆಗಳ, ತೆಲುಗು ಕಲೆತ ಕನ್ನಡದ ಸೀಮೆ. ಕಡಲೆಕಾಯಿ ಬಿತ್ತಿ ಮುಗಿಲು ನೋಡುವುದೇ ಇಲ್ಲಿಯ ಬೇಸಾಯ. ಬರ ಇಲ್ಲಿ ಅಪರೂಪದ ಅತಿಥಿಯಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಬೇರೆ. ಮಳೆ ಕಡಿಮೆ, ಬಿಸಿಲು ಯಥೇಚ್ಛ. ಇಂಥ ನೆಲವನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ ಎಂಬ ಕರಾರಿನಲ್ಲಿ ದೀರ್ಘಾವಧಿ ಗುತ್ತಿಗೆಗೆ ಪಡೆಯಿತು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಅಣೆಕಟ್ಟೆಗಾಗಿ ಊರು ಬಿಟ್ಟ ಶರಾವತಿ ಮುಳುಗಡೆಯ ಜನರ ಪಾಡು ಬಲ್ಲವರಿಗೆ ಇದರ ಬೆಲೆ ತಿಳಿಯುತ್ತದೆ.

ಹೂಡಿಕೆಯ ರೀತಿ: 2015ರಲ್ಲಿ ಕೇಂದ್ರದ ಸೌರಶಕ್ತಿ ನಿಗಮ ಹಾಗೂ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮ (ಕ್ರೆಡಲ್) ಕೂಡಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಕಟ್ಟಿದವು. ಗುತ್ತಿಗೆ, ರಸ್ತೆ, ಸಬ್‌ಸ್ಟೇಷನ್‌ಗಳ ಹೊಣೆ ಇದರದು. ಕೇಂದ್ರದ ಸೌರ ಪಾರ್ಕ್ ಯೋಜನೆಯಲ್ಲಿ ಮೆಗಾವಾಟ್‌ಗೆ 20 ಲಕ್ಷ ರೂಪಾಯಿವರೆಗೆ ನೆರವು ದೊರೆಯುತ್ತಿತ್ತು. ಹೀಗೆ ಸಜ್ಜಾದ ಜಾಗದಲ್ಲಿ ಹರಾಜು ಗೆದ್ದ ಕಂಪನಿಗಳು ತಮ್ಮ ದುಡ್ಡಿನಿಂದ ಫಲಕ ಹಾಕಿದವು. ಸಾವಿರಾರು ಹಿಡುವಳಿದಾರರನ್ನು ಒಪ್ಪಿಸಿ, ಹೈಟೆನ್ಷನ್ ತಂತಿ ಎಳೆಯುವ ಕೆಲಸಕ್ಕೆ ಖಾಸಗಿಯವರು ತಾವಾಗಿ ಮುಂದೆ ಬರುವುದು ಕಷ್ಟ. ಸರ್ಕಾರದ ಹಣ ಬೀಳಬೇಕಾದದ್ದು ಇಂಥಲ್ಲಿಯೇ. ದೇಶದ ಹರಾಜುಗಳಲ್ಲಿ 2010ರ ಸುಮಾರಿಗೆ ಯೂನಿಟ್ಟಿಗೆ 12 ರೂಪಾಯಿಯ ಆಸುಪಾಸಿನಲ್ಲಿದ್ದ ಸೌರ ವಿದ್ಯುತ್ ದರ 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44 ರೂಪಾಯಿಗೆ ಇಳಿಯಿತು. ಫಲಕ ಅಗ್ಗವಾದದ್ದು ಮುಖ್ಯ ಕಾರಣ. ನೆಲ, ತಂತಿಗಳ ಚಿಂತೆ ಕಳೆದದ್ದೂ ಒಂದು ಕಾರಣ.

ಕೊರತೆಗಳು: ಮನೆಗಳಲ್ಲಿ ದೀಪ ಹತ್ತುವ ಹೊತ್ತಿಗೆ ಪಾವಗಡದ ಉತ್ಪಾದನೆ ಸೊನ್ನೆಗೆ ಬರುತ್ತದೆ, ಮತ್ತೆ ಕಲ್ಲಿದ್ದಲು, ಜಲಾಶಯಗಳೇ ಗತಿ. ಹಗಲಿನ ವಿದ್ಯುತ್ತನ್ನು ಕೂಡಿಡಲೆಂದು ರೂಪಿಸಿರುವ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಸಿಂಗಳೀಕಗಳ ಅಭಯಾರಣ್ಯಕ್ಕೆ ಕೈಹಾಕುವುದರಿಂದ ಮಲೆನಾಡಿನಲ್ಲಿ ತೀವ್ರ ವಿರೋಧ ಎದುರಿಸುತ್ತಿದೆ. ಬ್ಯಾಟರಿ ಸಂಗ್ರಹಕ್ಕೆ ಹಣ ಹಾಕುವುದು ಕಾಡು ಕಡಿಯುವುದಕ್ಕಿಂತ ಮೇಲು.

ಇನ್ನೊಂದು ಕೊರತೆ ಮನುಷ್ಯರದು. ಗುತ್ತಿಗೆ ಹಣ ಪಹಣಿ ಇದ್ದವರ ಖಾತೆಗೆ ಹೋಗುತ್ತದೆ. ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಹೆಂಗಸರಿಗೆ ಹೊಲವೇ ಇಲ್ಲವಾಯಿತು. ಕುರಿಗಾಹಿ ಕುರಿ ಮೇಯಿಸುತ್ತಿದ್ದ ಬೀಳು ನೆಲಕ್ಕೆ ತಂತಿಬೇಲಿ ಬಂತು. ಫಲಕ ಒರೆಸುವ, ಹುಲ್ಲು ಹೆರೆಯುವ, ಕಾವಲು ಕಾಯುವ ಕೆಲಸ ಕೆಲವರಿಗೆ ಮಾತ್ರ ಸಿಕ್ಕಿತು. ಮುಂದಿನ ಪಾರ್ಕಿಗೆ ಸರ್ಕಾರ ಹಣ ಹೂಡಲೇಬೇಕು. ಆದರೆ ಅದರ ಕರಾರಿನಲ್ಲಿ ಭೂಮಿ ಇಲ್ಲದವರ ಪಾಲನ್ನೂ ಮೊದಲೇ ಬರೆದಿಡಬೇಕು.